ಜಾಝ್ ಇಂಪ್ರೊವೈಸ್ ಮಾಡೋದು ಕಲೀಬೇಕಾ? ಒಂದೇ ಒಂದು ಬ್ಲೂಸ್ ಹಿಡ್ಕೊಂಡು ಕೂತ್ಕೊಳ್ಳಿ

ನಾನು ಸುಮಾರು ವರ್ಷ ರಸಮಂಜರಿ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿದೋನು. ಗಣೇಶನ ಹಬ್ಬ, ರಾಜ್ಯೋತ್ಸವ, ಮದುವೆ ರಿಸೆಪ್ಷನ್ನು, ಎಲ್ಲಿ ಹೋದ್ರೂ ಕೆಲಸ ಒಂದೇ, ರೆಕಾರ್ಡಲ್ಲಿ ಹೆಂಗಿದೆಯೋ ಹಂಗೇ ಬಿಜಿಎಂ ಬಾರಿಸೋದು, ಒಂದು ಸ್ವರ ಆಚೀಚೆ ಆದ್ರೆ ಸಿಂಗರ್ ತಿರುಗಿ ನೋಡ್ತಾರೆ. ಹಾಗಾಗಿ ಕಿವಿ ಚೆನ್ನಾಗಿ ತಯಾರಾಗಿತ್ತು, ಕೈಯೂ ಓಡ್ತಿತ್ತು, ಆದ್ರೆ ಯಾರಾದ್ರೂ "ಈಗ 12 ಬಾರ್ ನಿಂದು, ನುಡಿಸು" ಅಂದ್ರೆ ಏನು ಮಾಡ್ಬೇಕು ಅಂತಾನೇ ಗೊತ್ತಾಗ್ತಿರ್ಲಿಲ್ಲ. ಆಮೇಲೆ ಜಾಝ್ ಹುಚ್ಚು ಹತ್ತಿ, ಹತ್ತಾರು ಸ್ಕೇಲು, ನೂರಾರು ವಿಡಿಯೋ ಅಂತ ಎರಡು ವರ್ಷ ಕಳೆದೆ, ಏನೂ ಹತ್ತಲಿಲ್ಲ. ಹತ್ತಿದ್ದು ಒಂದೇ ಒಂದು ಬ್ಲೂಸ್ ಹಿಡ್ಕೊಂಡು ತಿಂಗಳುಗಟ್ಟಲೆ ಬಾಯಲ್ಲಿ ಹಾಡಿಕೊಂಡು ಕೂತಾಗ. ಆ ದಾರಿನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೀತಿದೀನಿ. ಕೀಬೋರ್ಡ್, ಗಿಟಾರ್, ಸ್ಯಾಕ್ಸೊಫೋನ್, ವಯಲಿನ್ ಯಾವ್ದಾದ್ರೂ ಸರಿ, ವಾದ್ಯದ ಮೇಲೆ ಒಂದು ಮಟ್ಟಕ್ಕೆ ಕೈ ಕೂತಿದ್ರೆ ಸಾಕು.

ಶುರು ಮಾಡೋಕೆ ಮುಂಚೆ ಒಂದು ವಿಷಯ. ಇಂಪ್ರೊವೈಸೇಶನ್ ಅಂದ್ರೆ ಮನಸ್ಸಿಗೆ ಬಂದಿದ್ದು ನುಡಿಸೋದು ಅಂತ ತುಂಬ ಜನ ಅಂದ್ಕೊಂಡಿದಾರೆ. ತಾಳಮದ್ದಳೆ ಕೇಳಿದೋರಿಗೆ ಇದನ್ನ ಬೇಗ ಅರ್ಥ ಮಾಡಿಸ್ಬಹುದು. ಭಾಗವತರು ಪದ್ಯ ಹೇಳ್ತಾರೆ, ಪದ್ಯ ಬದಲಾಗಲ್ಲ, ಅರ್ಥಧಾರಿ ಆ ಪದ್ಯದ ಒಳಗೇ ನಿಂತು ಅವತ್ತಿಗೆ ಹೊಳೆದ ಮಾತು ಆಡ್ತಾರೆ, ಎದುರು ಕೂತವರು ಏನಂದ್ರೋ ಅದಕ್ಕೆ ಅಲ್ಲೇ ಉತ್ತರ ಕೊಡ್ತಾರೆ. ಆ ಮಾತು ಬರೆದಿಟ್ಟಿದ್ದಲ್ಲ, ಆದ್ರೆ ಅದರ ಹಿಂದೆ ಓದಿದ್ದು, ಹಿರಿಯರನ್ನ ರಾತ್ರಿಯಿಡೀ ಕೂತು ಕೇಳಿದ್ದು ಎಲ್ಲಾ ಇರತ್ತೆ. ಜಾಝಲ್ಲಿ ಹೆಡ್ ಅಂತ ಕರೆಯೋ ಮೂಲ ಮಟ್ಟೇ ಪದ್ಯ, ಅದರ ಕಾರ್ಡ್‌ಗಳ (ಅಂದ್ರೆ ಒಟ್ಟಿಗೆ ಬಾರಿಸೋ ಸ್ವರಗಳ ಗುಂಪು) ಮೇಲೆ ನೀವು ನುಡಿಸೋ ಸೋಲೋನೇ ಅರ್ಥ. ಪದ್ಯ ಗೊತ್ತಿಲ್ದೆ ಅರ್ಥ ಹೇಳೋಕಾಗಲ್ಲ ಅಲ್ವಾ, ಅದಕ್ಕೇ ಮೊದಲು ಪದ್ಯ.

ಹೆಜ್ಜೆ 1: 12 ಬಾರ್ ಮೈಗೆ ಹತ್ತಬೇಕು

ಜಾಝ್‌ನ ಭಂಡಾರದಲ್ಲಿ 12 ಬಾರ್ ಬ್ಲೂಸ್‌ಗೆ ದೊಡ್ಡ ಜಾಗ ಇದೆ. ಬಾರ್ ಅಂದ್ರೆ ನಾಲ್ಕು ಎಣಿಕೆ, ಅಂಥ 12 ಬಾರ್ ಸೇರಿದ್ರೆ ಒಂದು ಸುತ್ತು, ಅದನ್ನ ಕೋರಸ್ ಅಂತಾರೆ, ತಾಳದ ಆವರ್ತನ ತಿರುಗಿದ ಹಾಗೆ ಇದೂ ತಿರುಗ್ತಾನೇ ಇರತ್ತೆ. ನಾವು ಎಫ್ ಬ್ಲೂಸ್ ತಗೊಳ್ಳೋಣ. ಯಾವ ಬಾರ್‌ಗೆ ಯಾವ ಕಾರ್ಡ್ ಅನ್ನೋದರ ಸರಳ ರೂಪ ಹೀಗಿದೆ: 1ನೇ ಬಾರ್ ಎಫ್7, 2ನೇದು ಬಿ ಫ್ಲಾಟ್7, 3 ಮತ್ತು 4 ವಾಪಸ್ ಎಫ್7, 5 ಮತ್ತು 6 ಬಿ ಫ್ಲಾಟ್7, 7 ಮತ್ತು 8 ಎಫ್7, 9 ಸಿ7, 10 ಬಿ ಫ್ಲಾಟ್7, 11 ಎಫ್7, 12 ಸಿ7, ಮತ್ತೆ ಮೊದಲಿಂದ. ಆಲ್ಟೊ ಸ್ಯಾಕ್ಸ್ ನುಡಿಸೋರು ಇದನ್ನ ತಮ್ಮ ವಾದ್ಯದ ಡಿ ಇಂದ ನುಡಿಸ್ಬೇಕು, ಟೆನರ್ ಸ್ಯಾಕ್ಸ್ ಮತ್ತು ಟ್ರಂಪೆಟ್‌ನವರು ಜಿ ಇಂದ, ಇದನ್ನ ಮರೆತು ಜ್ಯಾಮ್‌ಗೆ (ಎಲ್ರೂ ಸೇರಿ ಅಲ್ಲೇ ಹೊಳೆದ ಹಾಗೆ ನುಡಿಸೋ ಕೂಟಕ್ಕೆ) ಹೋದ್ರೆ ಎಲ್ಲಾ ಅಪಸ್ವರ ಆಗತ್ತೆ.

ವಾದ್ಯ ಮುಟ್ಟಬೇಡಿ ಇನ್ನೂ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1959ರಲ್ಲಿ ಮಾಡಿದ ಕೈಂಡ್ ಆಫ್ ಬ್ಲೂ ಆಲ್ಬಮ್‌ನಲ್ಲಿ ಫ್ರೆಡ್ಡಿ ಫ್ರೀಲೋಡರ್ ಅನ್ನೋದು ಎರಡನೇ ಟ್ರ್ಯಾಕು, ಅದು ಬಿ ಫ್ಲಾಟ್‌ನಲ್ಲಿರೋ 12 ಬಾರ್ ಬ್ಲೂಸು, ಆ ಆಲ್ಬಮ್‌ನಲ್ಲಿ ಅದೊಂದಕ್ಕೆ ಮಾತ್ರ ಪಿಯಾನೋ ವಿಂಟನ್ ಕೆಲ್ಲಿ, ಉಳಿದದ್ದೆಲ್ಲ ಬಿಲ್ ಇವಾನ್ಸ್. ಅದನ್ನ ಹಾಕ್ಕೊಂಡು ಬೆರಳಲ್ಲಿ ಬಾರ್ ಎಣಿಸಿ. ಮೊದಲು ಕೆಲ್ಲಿ ಸೋಲೋ, ಆಮೇಲೆ ಮೈಲ್ಸ್, ಆಮೇಲೆ ಟೆನರ್ ಸ್ಯಾಕ್ಸ್‌ನಲ್ಲಿ ಕೋಲ್ಟ್ರೇನ್, ಆಮೇಲೆ ಆಲ್ಟೊ ಸ್ಯಾಕ್ಸ್‌ನಲ್ಲಿ ಕ್ಯಾನನ್‌ಬಾಲ್ ಆಡರ್ಲಿ. ಒಬ್ಬೊಬ್ಬರೂ ಎಷ್ಟು ಕೋರಸ್ ನುಡಿಸಿದ್ರು ಅಂತ ನೀವೇ ಎಣಿಸಿ ಬರ್ಕೊಳ್ಳಿ. ಮೂರು ದಿನ ಎಣಿಕೆ ತಪ್ಪತ್ತೆ, ನಾಲ್ಕನೇ ದಿನ 5ನೇ ಬಾರ್‌ಗೆ ಬಂದಾಗ ಎಣಿಸದೇನೇ "ಇಲ್ಲಿ ಬದಲಾಯ್ತು" ಅಂತ ಗೊತ್ತಾಗತ್ತೆ. ಆ ಕ್ಷಣ ಬರೋವರೆಗೂ ಮುಂದಿನ ಹೆಜ್ಜೆಗೆ ಹೋಗಬೇಡಿ.

ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನಾನು ಮೊದಲನೇ ಸಲ ಒಂದು ಜ್ಯಾಮ್ ಸೆಷನ್‌ಗೆ ಹೋದಾಗ ಎರಡನೇ ಕೋರಸ್‌ನಲ್ಲೇ ಜಾಗ ಕಳ್ಕೊಂಡೆ, ಕೈ ನುಡಿಸ್ತಾ ಇತ್ತು, ಎಲ್ಲಿದೀನಿ ಅಂತ ಗೊತ್ತಿರ್ಲಿಲ್ಲ. ಡಬಲ್ ಬೇಸ್ ನುಡಿಸ್ತಿದ್ದ ಹಿರಿಯರು ಅದನ್ನ ಗಮನಿಸಿ, ಸುತ್ತು ತಿರುಗಿ ಒಂದನೇ ಬಾರ್‌ಗೆ ಬಂದಾಗ ನನ್ನ ಕಡೆ ನೋಡಿ ಹುಬ್ಬು ಮೇಲೆತ್ತಿ ತಲೆ ಆಡಿಸಿದ್ರು, ಬಾಯಲ್ಲಿ ಸದ್ದಿಲ್ದೆ "ಒನ್" ಅಂದ್ರು. ಆ ಒಂದು ಸನ್ನೆಯಿಂದ ವಾಪಸ್ ದಾರಿ ಸಿಕ್ತು. ಅವತ್ತಿಂದ ನಾನು ಬೇಸ್ ಕೇಳ್ಕೊಂಡೇ ನುಡಿಸೋದು, ನೀವೂ ಸೋಲೋ ಕೇಳುವಾಗ ಅರ್ಧ ಕಿವಿ ಬೇಸ್ ಮೇಲೆ ಇಡಿ.

ಹೆಜ್ಜೆ 2: ಸ್ವಿಂಗ್, ಅಂದ್ರೆ ಒಳಗಿನ ತಿಶ್ರ

ಮೆಟ್ರೊನೋಮ್ 50ಕ್ಕೆ ಇಟ್ಟು, ಆ ಟಿಕ್ಕನ್ನ ಒಂದು ಅಂತ ಅಂದ್ಕೋಬೇಡಿ, ಎರಡು ಮತ್ತು ನಾಲ್ಕು ಅಂತ ಅಂದ್ಕೊಳ್ಳಿ. ಅಂದ್ರೆ ನಿಮ್ಮ ನಿಜವಾದ ವೇಗ 100. ಆದಿತಾಳ ಹಾಕಿ ಬೆಳೆದ ಕೈಗೆ ಇದು ತಿರುವುಮುರುವು ಅನ್ಸತ್ತೆ, ಯಾಕಂದ್ರೆ ನಮ್ಗೆ ಪೆಟ್ಟು ಬೀಳೋದು ಮೊದಲನೇದಕ್ಕೆ. ಚಿಟಿಕೆ ಎರಡಕ್ಕೂ ನಾಲ್ಕಕ್ಕೂ ಹೊಡೀತಾ ಮನೆಯೊಳಗೆ ನಡೀರಿ, ಒಂದು ವಾರದಲ್ಲಿ ಸರಿ ಹೋಗತ್ತೆ.

ಇನ್ನು ಸ್ವಿಂಗ್. ಒಂದು ಎಣಿಕೆಯಲ್ಲಿ ಎರಡು ಸ್ವರ ಸಮ ಸಮ ಬರಲ್ಲ, ಮೊದಲನೇದು ಉದ್ದ, ಎರಡನೇದು ಗಿಡ್ಡ. ತಕಿಟ ತಕಿಟ ಅಂತ ಹೇಳ್ತಾ "ಕಿ" ಮಾತ್ರ ನುಂಗಿಬಿಡಿ, "ತ–ಟ ತ–ಟ" ಅಂತ ಉಳೀತಲ್ಲ, ಮಧ್ಯಮ ವೇಗದ ಸ್ವಿಂಗ್ ಹೆಚ್ಚುಕಮ್ಮಿ ಅದೇ. ವೇಗ ಏರ್ತಾ ಹೋದ ಹಾಗೆ ಈ ವ್ಯತ್ಯಾಸ ಕರಗಿ ಎರಡೂ ಸಮಕ್ಕೆ ಹತ್ರ ಬರತ್ತೆ, ಹಾಗಾಗಿ ಲೆಕ್ಕ ಹಾಕಿ ನುಡಿಸ್ಬೇಡಿ, ಕೇಳಿ ನುಡಿಸಿ. ಗಿಡ್ಡ ಸ್ವರಕ್ಕೆ ಸ್ವಲ್ಪ ಒತ್ತು ಕೊಡಿ, ಸಾಲು ಮುಂದಕ್ಕೆ ನೂಕಿದ ಹಾಗಾಗತ್ತೆ.

ಈಗ ವಾದ್ಯ ತಗೊಂಡು ಒಂದೇ ಸ್ವರದ ಸೋಲೋ ನುಡಿಸಿ. ಬರೀ ಎಫ್. 12 ಬಾರ್ ಪೂರ್ತಿ ಆ ಒಂದೇ ಸ್ವರದಲ್ಲಿ ಎಲ್ಲಿ ಬಾರಿಸ್ಬೇಕು, ಎಲ್ಲಿ ಬಿಡ್ಬೇಕು ಅಷ್ಟೇ. ಮಕ್ಕಳಾಟ ಅನ್ಕೋಬೇಡಿ, ಪಿಯಾನೋ ವಾದಕ, ಬ್ಯಾಂಡ್ ನಾಯಕ ಡ್ಯೂಕ್ ಎಲಿಂಗ್ಟನ್ ಅವರ ಸಿ ಜ್ಯಾಮ್ ಬ್ಲೂಸ್ ಅನ್ನೋ ಹೆಡ್ ಪೂರ್ತಿ ಇರೋದು ಎರಡೇ ಸ್ವರದಲ್ಲಿ, ಜಿ ಮತ್ತು ಸಿ, ಅದು ನಿಲ್ಲೋದೇ ಲಯದ ಮೇಲೆ. ಒಂದೇ ಸ್ವರದಲ್ಲಿ ಕೇಳೋ ಹಾಗೆ ನುಡಿಸೋಕೆ ಬರ್ಲಿಲ್ಲ ಅಂದ್ರೆ ಏಳು ಸ್ವರ ಕೊಟ್ರೂ ಬರಲ್ಲ.

ಹೆಜ್ಜೆ 3: ಎರಡು ಬೆರಳಲ್ಲಿ ಇಡೀ ಬ್ಲೂಸ್

ಇದು ನಂಗೆ ಈ ಇಡೀ ವಿದ್ಯೆಯಲ್ಲಿ ತುಂಬಾ ಇಷ್ಟವಾದ ಜಾಗ, ಸ್ವಲ್ಪ ನಿಧಾನವಾಗಿ ಹೋಗೋಣ.

ಎಫ್7 ಕಾರ್ಡ್‌ನಲ್ಲಿ ನಾಲ್ಕು ಸ್ವರ: ಎಫ್, ಎ, ಸಿ, ಇ ಫ್ಲಾಟ್. ಇದರಲ್ಲಿ ಕಾರ್ಡ್‌ನ ಗುಣ ಹೇಳೋದು ಎರಡೇ, ಎಫ್ ಇಂದ ಸ್ಕೇಲಲ್ಲಿ ಎಣಿಸಿದ್ರೆ ಮೂರನೇ ಸ್ವರ ಎ ಮತ್ತು ಏಳನೇ ಸ್ವರ ಇ ಫ್ಲಾಟ್. ಎಫ್ ಅನ್ನ ಷಡ್ಜ ಮಾಡ್ಕೊಂಡ್ರೆ ಅವು ಅಂತರ ಗಾಂಧಾರ ಮತ್ತು ಕೈಶಿಕಿ ನಿಷಾದ. ಕೀಬೋರ್ಡ್‌ನಲ್ಲಿ ಎಡಗೈಯಲ್ಲಿ ಕೆಳಗೆ ಇ ಫ್ಲಾಟ್, ಮೇಲೆ ಎ, ಈ ಎರಡನ್ನೇ ಒತ್ತಿ. ಈಗ ಎರಡೂ ಬೆರಳನ್ನ ಒಂದೊಂದೇ ಕೀ ಎಡಕ್ಕೆ ಸರಿಸಿ. ಡಿ ಮತ್ತು ಎ ಫ್ಲಾಟ್ ಆಯ್ತು, ಅದು ಬಿ ಫ್ಲಾಟ್7ರ ಮೂರನೇ ಮತ್ತು ಏಳನೇ ಸ್ವರ. ವಾಪಸ್ ಮೊದಲಿನ ಜಾಗಕ್ಕೆ ಬನ್ನಿ, ಈಗ ಎರಡನ್ನೂ ಒಂದು ಕೀ ಬಲಕ್ಕೆ ಸರಿಸಿ. ಇ ಮತ್ತು ಬಿ ಫ್ಲಾಟ್, ಅದು ಸಿ7. ಮನೆ ಮಧ್ಯದಲ್ಲಿ, ಒಂದು ಹೆಜ್ಜೆ ಎಡಕ್ಕೆ ನಾಲ್ಕನೇ ಕಾರ್ಡು ಬಿ ಫ್ಲಾಟ್7, ಒಂದು ಹೆಜ್ಜೆ ಬಲಕ್ಕೆ ಐದನೇ ಕಾರ್ಡು ಸಿ7, ಇಷ್ಟೇ ಇಷ್ಟು ಜಾಗದಲ್ಲಿ ಇಡೀ ಬ್ಲೂಸ್ ಇದೆ. ಗಿಟಾರ್‌ನವರು ಎ ತಂತಿಯ 6ನೇ ಫ್ರೆಟ್ಟು, ಡಿ ತಂತಿಯ 7ನೇ ಫ್ರೆಟ್ಟು ಒತ್ತಿ, ಅದೇ ಆಕಾರನ ಒಂದು ಫ್ರೆಟ್ ಹಿಂದೆ, ಒಂದು ಫ್ರೆಟ್ ಮುಂದೆ ಸರಿಸಿ. ಮೊದಲನೇ ಸಲ ಇದು ನನ್ನ ಕೈಗೆ ಸಿಕ್ಕಾಗ ರಾತ್ರಿ ಹನ್ನೊಂದೂವರೆ, ಹೆಡ್‌ಫೋನ್ ಹಾಕ್ಕೊಂಡು ಎರಡು ಗಂಟೆವರೆಗೂ ಬರೀ ಆ ಎರಡು ಬೆರಳನ್ನೇ ಸರಿಸ್ತಾ ಕೂತಿದ್ದೆ.

ಈಗ ಇದನ್ನ ಸೋಲೋಗೆ ತನ್ನಿ. 4ನೇ ಬಾರ್ ಕೊನೆಯಲ್ಲಿ ಎ ಹಿಡೀರಿ, 5ನೇ ಬಾರ್ ಶುರುವಾಗ್ತಿದ್ದ ಹಾಗೆ ಎ ಫ್ಲಾಟ್‌ಗೆ ಇಳೀರಿ. ಹಿಂದೆ ಯಾರೂ ಕಾರ್ಡ್ ಬಾರಿಸದೇ ಇದ್ರೂ ಕೇಳೋರಿಗೆ ಕಾರ್ಡ್ ಬದಲಾಗಿದ್ದು ಕೇಳಿಸತ್ತೆ. ಚೇಂಜಸ್ ನುಡಿಸೋದು ಅಂತ ಜಾಝ್‌ನವರು ಹೇಳೋದು ಇದಕ್ಕೇ. ನಮ್ಮ ಕಲ್ಪನಾಸ್ವರ, ಆಲಾಪನೆ ಗೊತ್ತಿರೋರಿಗೆ ಎಡವೋದೂ ಇಲ್ಲೇ. ನಮ್ಮಲ್ಲಿ ರಾಗ ನಿಂತ ನೆಲ, ತಂಬೂರಿ ಅಲುಗಾಡಲ್ಲ, ಅಂತರ ಗಾಂಧಾರ ಇರೋ ರಾಗದಲ್ಲಿ ಸಾಧಾರಣ ಗಾಂಧಾರ ಮುಟ್ಟಿದ್ರೆ ಅಪಚಾರ. ಇಲ್ಲಿ ನೆಲಾನೇ ಕಾಲಡಿಯಲ್ಲಿ ಸರೀತಾ ಇರತ್ತೆ, ಗಾಂಧಾರನೂ ಅದರ ಜೊತೆ ಬದಲಾಗ್ಬೇಕು. ಅದೇ ಸಮಯಕ್ಕೆ ಲಯ, ಗಮಕ, ಒಂದು ಸಣ್ಣ ಫ್ರೇಸನ್ನ ಹಿಗ್ಗಿಸ್ತಾ ಹೋಗೋ ಅಭ್ಯಾಸ ಕರ್ನಾಟಕ ಸಂಗೀತದವರಿಗೆ ಬಂದುಬಿಟ್ಟಿರತ್ತೆ, ಅದು ದೊಡ್ಡ ಆಸ್ತಿ, ಬಿಡಬೇಡಿ.

ಇದು ಸಲೀಸಾದ ಮೇಲೆ 8, 9, 10ನೇ ಬಾರ್‌ಗಳಲ್ಲಿ ಜಾಝ್‌ನವರ ರೂಪ ಹಾಕಿ: ಡಿ7, ಜಿ ಮೈನರ್7, ಸಿ7. ಎರಡು ಬೆರಳಿನ ಲೆಕ್ಕದಲ್ಲಿ ಎಫ್ ಶಾರ್ಪ್ ಮತ್ತು ಸಿ, ಆಮೇಲೆ ಎಫ್ ಮತ್ತು ಬಿ ಫ್ಲಾಟ್, ಆಮೇಲೆ ಇ ಮತ್ತು ಬಿ ಫ್ಲಾಟ್, ಕೊನೆಗೆ ಮನೆಗೆ ಇ ಫ್ಲಾಟ್ ಮತ್ತು ಎ. ಎಫ್ ಶಾರ್ಪ್, ಎಫ್, ಇ, ಇ ಫ್ಲಾಟ್, ಒಂದೊಂದೇ ಮೆಟ್ಟಿಲು ಇಳಿದು ಮನೆ ಸೇರತ್ತೆ ನೋಡಿ. ಇದನ್ನ ಬಾಯಲ್ಲಿ ಹಾಡಿ, ಸೈಕಲ್ ಹೊಡೆಯುವಾಗ, ಪಾತ್ರೆ ತೊಳೆಯುವಾಗ ಹಾಡಿ.

ಹೆಜ್ಜೆ 4: ಸ್ಕೇಲು ಬೇಕು, ಆದ್ರೆ ಸ್ವಲ್ಪ ಸಾಕು

ಬ್ಲೂಸ್ ಸ್ಕೇಲು ನಿಮ್ಗೆ ಹೊಸದಲ್ಲ. ಶುದ್ಧ ಧನ್ಯಾಸಿಯ ಸ್ವರಗಳಿಗೆ ಒಂದು ಪ್ರತಿಮಧ್ಯಮ ಸೇರಿಸಿದ್ರೆ ಅದೇ: ಎಫ್, ಎ ಫ್ಲಾಟ್, ಬಿ ಫ್ಲಾಟ್, ಬಿ, ಸಿ, ಇ ಫ್ಲಾಟ್. ಆ ಪ್ರತಿಮಧ್ಯಮದ ಮೇಲೆ ನಿಲ್ಲಬೇಡಿ, ದಾಟ್ಕೊಂಡು ಹೋಗಿ. ಎಫ್7 ಮೇಲೆ ಹರಿಕಾಂಭೋಜಿ ಸ್ವರಗಳು ಕೂರತ್ವೆ. ಮೈನರ್7 ಕಾರ್ಡ್ ಮೇಲೆ ಖರಹರಪ್ರಿಯ, ಅಲ್ಲಿ ಅದನ್ನ ಡೋರಿಯನ್ ಅಂತಾರೆ. ಸ್ವರಗಳು ಒಂದೇ ಅಂದ ಮಾತ್ರಕ್ಕೆ ರಾಗ ಒಂದೇ ಅಲ್ಲ, ಸಂಚಾರ ಬೇರೆ, ಗಮಕ ಬೇರೆ, ಇದು ಬರೀ ಬೆರಳಿಗೆ ಸುಲಭ ಆಗ್ಲಿ ಅಂತ ಹೇಳಿದ ಗುರುತು. ಈಗ್ಲೇ 20 ಸ್ಕೇಲು ಕಲಿಯೋಕೆ ಹೋಗ್ಬೇಡಿ, ನಾನು ಹೋಗಿ ಎರಡು ವರ್ಷ ಕಳ್ಕೊಂಡಿದೀನಿ.

ಹೆಜ್ಜೆ 5: ಒಂದು ಸೋಲೋ ಪೂರ್ತಿ ಬಾಯಿಪಾಠ

ಆಲ್ಟೊ ಸ್ಯಾಕ್ಸ್ ವಾದಕ ಚಾರ್ಲಿ ಪಾರ್ಕರ್ ಬಗ್ಗೆ ಒಂದು ಕಥೆ ಎಲ್ರೂ ಹೇಳ್ತಾರೆ. ಕಾನ್ಸಾಸ್ ಸಿಟಿಯಲ್ಲಿ ಇನ್ನೂ ಹದಿಹರೆಯದಲ್ಲಿದ್ದಾಗ ಒಂದು ಜ್ಯಾಮ್‌ನಲ್ಲಿ ಕಾರ್ಡ್ ಜಾಡು ತಪ್ಪಿ, ಡ್ರಮ್ಮರ್ ಜೋ ಜೋನ್ಸ್ ಸಿಂಬಲ್ ಎಸೆದು ನಿಲ್ಲಿಸಿದ್ರಂತೆ. 1937ರ ಬೇಸಿಗೆಯಲ್ಲಿ ಪಾರ್ಕರ್ ಓಝಾರ್ಕ್ ಬೆಟ್ಟದ ಕಡೆ ಒಂದು ಬ್ಯಾಂಡ್ ಕೆಲಸಕ್ಕೆ ಹೋದ್ರು, ಜೊತೆಗೆ ಕೌಂಟ್ ಬೇಸಿ ಬ್ಯಾಂಡ್‌ನ ರೆಕಾರ್ಡ್‌ಗಳನ್ನ ತಗೊಂಡು ಹೋಗಿ, ಅದರಲ್ಲಿದ್ದ ಟೆನರ್ ಸ್ಯಾಕ್ಸ್ ವಾದಕ ಲೆಸ್ಟರ್ ಯಂಗ್ ಸೋಲೋಗಳನ್ನ ಒಂದೊಂದೇ ಸ್ವರ ಹಿಡಿದು ಕಲಿತ್ರು. ವಾಪಸ್ ಬಂದಾಗ ಬೇರೆ ಮನುಷ್ಯ. ಅಂಥ ಪಾರ್ಕರ್‌ಗೇ ಇನ್ನೊಬ್ಬರ ಸೋಲೋ ಬಾಯಿಪಾಠ ಮಾಡೋದು ಬೇಕಾಯ್ತು.

ನೀವು ಮಾಡೋದು ಹೀಗೆ. ಫ್ರೆಡ್ಡಿ ಫ್ರೀಲೋಡರ್‌ನಲ್ಲಿ ಮೈಲ್ಸ್ ಸೋಲೋದ ಮೊದಲ ಕೋರಸ್ ತಗೊಳ್ಳಿ, ಸ್ವರ ಕಮ್ಮಿ, ಜಾಗ ಜಾಸ್ತಿ. ನಾಲ್ಕು ಬಾರ್ ಮಾತ್ರ ಮತ್ತೆ ಮತ್ತೆ ಹಾಕಿ. ಮೊದಲು ಬರೀ ಕೇಳಿ, ಆಮೇಲೆ ಜೊತೆಗೆ ಗುನುಗಿ, ಆಮೇಲೆ ರೆಕಾರ್ಡ್ ಆಫ್ ಮಾಡಿ ಒಬ್ರೇ ಹಾಡಿ. ಎಲ್ಲಿ ಉಸಿರು ತಗೊಂಡ್ರು, ಯಾವ ಸ್ವರನ ಕೆಳಗಿಂದ ಎಳೆದ್ರು, ಎಲ್ಲಿ ತಾಳಕ್ಕಿಂತ ಒಂಚೂರು ಹಿಂದೆ ಬಿದ್ರು, ಅದೆಲ್ಲ ನಿಮ್ಮ ಗಂಟಲಲ್ಲಿ ಬರಬೇಕು. ವೇಗ ಜಾಸ್ತಿ ಅನ್ಸಿದ್ರೆ ಯೂಟ್ಯೂಬಲ್ಲಿ 0.75ಕ್ಕೆ ಇಳಿಸಿ. ಗಂಟಲಿಗೆ ಬಂದ ಮೇಲಷ್ಟೇ ವಾದ್ಯದಲ್ಲಿ ಹುಡುಕಿ. ಬರೆದಿಟ್ಟ ನೊಟೇಶನ್ ಡೌನ್‌ಲೋಡ್ ಮಾಡ್ಕೋಬೇಡಿ ದಯವಿಟ್ಟು, ಕಾಗದದಿಂದ ಬಂದಿದ್ದು ಕಾಗದ ಇಲ್ದಿದ್ರೆ ಹೋಗಿಬಿಡತ್ತೆ, ಕಿವಿಯಿಂದ ಬಂದಿದ್ದು ಹೋಗಲ್ಲ. ನಮ್ಮಲ್ಲಿ ಗುರುಗಳು ಪುಸ್ತಕ ಮುಚ್ಚಿಸಿ ಪಾಠಾಂತರ ಹೇಳ್ಕೊಡ್ತಿದ್ದಿದ್ದು ಇದಕ್ಕೇ ಅಲ್ವಾ.

ನನ್ಗೆ 12 ಬಾರ್‌ಗೆ ಐದು ವಾರ ಹಿಡೀತು. ಪರವಾಗಿಲ್ಲ. ಅದಾದ ಮೇಲೆ ಅದ್ರಿಂದ ನಿಮ್ಗೆ ತುಂಬಾ ಹಿಡಿಸಿದ ಒಂದೇ ಒಂದು ಫ್ರೇಸ್ ತೆಗೆದು ಅದನ್ನ ಎಫ್‌ಗೆ ತನ್ನಿ, ಆಮೇಲೆ 12 ಶ್ರುತಿಯಲ್ಲೂ ನುಡಿಸಿ, ಆಮೇಲೆ ಅದರ ಕೊನೆ ಬದಲಾಯಿಸಿ, ಶುರು ಬದಲಾಯಿಸಿ, ಅರ್ಧ ಎಣಿಕೆ ತಡವಾಗಿ ಎತ್ಕೊಳ್ಳಿ. ಹತ್ತು ದಿನ ಹೀಗೆ ತಿರುಚಿದ್ರೆ ಅದು ಮೈಲ್ಸ್‌ದಲ್ಲ, ನಿಮ್ಮದು.

ಹೆಜ್ಜೆ 6: ಎರಡು ಬಾರ್ ಮಾತು, ಎರಡು ಬಾರ್ ಮೌನ

ಹಳೇ ಬ್ಲೂಸ್ ಹಾಡುಗಳ ಸಾಹಿತ್ಯ ಗಮನಿಸಿ. ಒಂದು ಸಾಲು ಹಾಡ್ತಾರೆ, ಅದನ್ನೇ ಇನ್ನೊಮ್ಮೆ ಹಾಡ್ತಾರೆ, ಮೂರನೇ ಸಾಲಲ್ಲಿ ಅದಕ್ಕೆ ಉತ್ತರ. ಒಂದೊಂದು ಸಾಲಿಗೂ ನಾಲ್ಕು ಬಾರು, ಅದರಲ್ಲಿ ಹಾಡು ಅರ್ಧ, ಉಳಿದರ್ಧ ಗಿಟಾರೋ ಹಾರ್ಮೋನಿಕಾನೋ ಉತ್ತರ ಕೊಡತ್ತೆ. ನಿಮ್ಮ ಸೋಲೋನ ಇದೇ ಅಚ್ಚಲ್ಲಿ ಹೊಯ್ಯಿರಿ. 1, 2ನೇ ಬಾರಲ್ಲಿ ಒಂದು ಫ್ರೇಸು, 3, 4 ಸುಮ್ಮನಿರಿ. 5, 6ರಲ್ಲಿ ಅದೇ ಫ್ರೇಸು, ಆದ್ರೆ ಎ ಇದ್ದಲ್ಲಿ ಎ ಫ್ಲಾಟು. 9, 10ರಲ್ಲಿ ಉತ್ತರ. ಸುಮ್ಮನಿರೋದು ಬಹಳ ಕಷ್ಟ, ಕೈ ತುರಿಸತ್ತೆ, ಆದ್ರೂ ಬೆರಳು ಎತ್ತಿ ಮಡಿಲಲ್ಲಿ ಇಟ್ಕೊಳ್ಳಿ. ಆ ಎರಡು ಬಾರ್‌ನಲ್ಲೇ ಮುಂದಿನ ಫ್ರೇಸ್ ಹುಟ್ಟೋದು.

ಪ್ರತಿ ಸಲ ಹಾಡಿಕೊಂಡೇ ನುಡಿಸಿ. ಸ್ಯಾಕ್ಸ್‌ನವರಿಗೆ ಬಾಯಿ ಖಾಲಿ ಇರಲ್ಲ, ಅವರು ಒಂದು ಕೋರಸ್ ಹಾಡಿ, ಮುಂದಿನ ಕೋರಸ್ ನುಡಿಸಿ. ಹಾಡದೇ ಇರೋದು ಬೆರಳಿಗೆ ಬಂದ್ರೆ ಅದು ಬೆರಳಿನ ಅಭ್ಯಾಸ, ನಿಮ್ಮ ಮಾತಲ್ಲ.

ಜಾಝ್ ಬಣ್ಣ ಬರ್ಬೇಕು ಅಂದ್ರೆ ಒಂದು ಸಣ್ಣ ಉಪಾಯ: ಎ ಮೇಲೆ ಇಳಿಯೋ ಮುಂಚೆ ಅದರ ಮೇಲಿನ ಬಿ ಫ್ಲಾಟು, ಕೆಳಗಿನ ಜಿ ಶಾರ್ಪು, ಆಮೇಲೆ ಎ. ಗುರಿನ ಎರಡೂ ಕಡೆಯಿಂದ ಸುತ್ತುವರಿದು ಹಿಡಿಯೋದು. ಡಿ ಮೇಲೆ ಇಳಿಬೇಕಾದ್ರೆ ಇ ಫ್ಲಾಟು, ಸಿ ಶಾರ್ಪು, ಡಿ. ಗುರಿ ಸ್ವರ ಬಾರಿನ ಮೊದಲ ಎಣಿಕೆಗೆ ಬೀಳೋ ಹಾಗೆ ನೋಡ್ಕೊಳ್ಳಿ. ಪಾರ್ಕರ್ ಸಾಲುಗಳಲ್ಲಿ ಇದು ಹೆಜ್ಜೆಹೆಜ್ಜೆಗೂ ಸಿಗತ್ತೆ.

ದಿನದ ಅಭ್ಯಾಸ

40 ನಿಮಿಷ ಸಾಕು, ಆದ್ರೆ ದಿನಾ. 10 ನಿಮಿಷ ಆ ಸೋಲೋ ಹಾಡೋದು, 10 ನಿಮಿಷ ಎರಡು ಬೆರಳಿನ ಚೇಂಜಸ್, 15 ನಿಮಿಷ ಬ್ಯಾಕಿಂಗ್ ಟ್ರ್ಯಾಕ್ (ಸೋಲೋ ಇಲ್ದೆ ಹಿಮ್ಮೇಳ ಮಾತ್ರ ಇರೋದು) ಜೊತೆ ಸೋಲೋ, ಕೊನೆ 5 ನಿಮಿಷ ಟ್ರ್ಯಾಕ್ ಇಲ್ದೆ ಬರೀ ಮೆಟ್ರೊನೋಮ್ ಜೊತೆ. ಐರಿಯಲ್ ಪ್ರೊ ಅನ್ನೋ ಆ್ಯಪ್‌ನಲ್ಲಿ ಆ ಟ್ರ್ಯಾಕ್‌ಗೆ ಯಾವ ಶ್ರುತಿ, ಯಾವ ವೇಗ ಬೇಕಾದ್ರೂ ಇಟ್ಕೋಬಹುದು. ವಾರಕ್ಕೆ ಎರಡು ಸಲ ಫೋನಲ್ಲಿ ರೆಕಾರ್ಡ್ ಮಾಡಿ, ಅವತ್ತೇ ಕೇಳ್ಬೇಡಿ, ಮರುದಿನ ಕೇಳಿ. ನುಡಿಸಿದ ತಕ್ಷಣ ಕೇಳಿದ್ರೆ ಬೆರಳ ಕಷ್ಟ ಮಾತ್ರ ನೆನಪಾಗತ್ತೆ, ಮರುದಿನ ಸಂಗೀತ ಕೇಳಿಸತ್ತೆ.

ಮೂರ್ನಾಲ್ಕು ತಿಂಗಳಾದ ಮೇಲೆ ಎರಡನೇ ಟ್ಯೂನ್ ಆಗಿ ಅದೇ ಆಲ್ಬಮ್‌ನ ಸೋ ವಾಟ್ ತಗೊಳ್ಳಿ. 32 ಬಾರು: 16 ಬಾರ್ ಡಿ ಡೋರಿಯನ್, 8 ಬಾರ್ ಒಂದು ಕೀ ಮೇಲೆ ಇ ಫ್ಲಾಟ್ ಡೋರಿಯನ್, ಮತ್ತೆ 8 ಬಾರ್ ಡಿ. ಅದೇ ಖರಹರಪ್ರಿಯ ಸ್ವರಗಳು, ಷಡ್ಜ ಮಾತ್ರ ಸರಿದು ವಾಪಸ್ ಬರತ್ತೆ. ಕಾರ್ಡ್ ಕಮ್ಮಿ ಅಂತ ಸುಲಭ ಅನ್ಕೊಂಡು ಹೋದ್ರೆ 16 ಬಾರ್ ತುಂಬಿಸೋದು ಎಷ್ಟು ಕಷ್ಟ ಅಂತ ಅಲ್ಲಿ ಗೊತ್ತಾಗೋದು.

ಜೊತೆಗೆ ನಮ್ಮವರು ಈ ದಾರಿಯಲ್ಲಿ ಹೇಗೆ ನಡೆದ್ರು ಅಂತಾನೂ ಕೇಳಿ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಮತ್ತು ಗಾಯಕಿ ಆರ್. ಎ. ರಮಾಮಣಿ ಅವರ ಜೊತೆ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ 1983ರಲ್ಲಿ ಮಾಡಿದ ಜ್ಯೋತಿ ಆಲ್ಬಮ್ಮು, ಮತ್ತೆ ಕದ್ರಿ ಗೋಪಾಲನಾಥ್ ಹಾಗೂ ರುದ್ರೇಶ್ ಮಹಾಂತಪ್ಪ ಸೇರಿ ನುಡಿಸಿದ 2008ರ ಕಿನ್ಸ್‌ಮೆನ್. ಎರಡನೇದ್ರಲ್ಲಿ ಇಬ್ಬರದೂ ಆಲ್ಟೊ ಸ್ಯಾಕ್ಸೇ, ಒಬ್ಬರು ಸ್ವರನ ಗಮಕದಲ್ಲಿ ತೂಗಿ ಬಿಡ್ತಾರೆ, ಇನ್ನೊಬ್ಬರು ಚೂಪಾಗಿ ಕಡಿದು ಬಿಡ್ತಾರೆ, ಕಣ್ಣು ಮುಚ್ಕೊಂಡು ಕೇಳಿದ್ರೂ ಯಾರು ಯಾರು ಅಂತ ಗೊತ್ತಾಗತ್ತೆ.

ಹೆಜ್ಜೆ 7: ಜ್ಯಾಮ್‌ಗೆ ಹೋಗಿ

ಪೂರ್ತಿ ತಯಾರಾದ ಮೇಲೆ ಹೋಗ್ತೀನಿ ಅಂದ್ರೆ ಆ ದಿನ ಬರಲ್ಲ. ಒಂದು ಬ್ಲೂಸ್ ಹೆಡ್ ಬಾಯಿಪಾಠ ಇದ್ರೆ ಸಾಕು, ಪಾರ್ಕರ್ ಅವರ ನೌಸ್ ದ ಟೈಮ್ ಎಫ್‌ನಲ್ಲೇ ಇದೆ, ಅದು ಆಗತ್ತೆ. ವೇದಿಕೆ ಹತ್ತಿದಾಗ ಟ್ಯೂನು, ಶ್ರುತಿ, ವೇಗ ಮೂರನ್ನೂ ಬಾಯ್ಬಿಟ್ಟು ಹೇಳಿ, ಎಣಿಕೆ ಕೊಡುವಾಗ ಮೊದಲು ಮನಸ್ಸಲ್ಲಿ ಹೆಡ್ ಹಾಡಿಕೊಂಡು ವೇಗ ಹಿಡಿದು ಆಮೇಲೆ ಎಣಿಸಿ. ಬ್ಲೂಸ್ ಆದ್ರೆ ಹೆಡ್ ಎರಡು ಸಲ, ಆಮೇಲೆ ಸೋಲೋಗಳು. ಎರಡು ಮೂರು ಕೋರಸ್ ನುಡಿಸಿ ಬಿಟ್ಕೊಡಿ, ಮೊದಮೊದಲು ಅಷ್ಟು ಸಾಕು. ನಿಮ್ಮದು ಮುಗಿಯೋ ಮುಂಚಿನ ಬಾರಲ್ಲೇ ಮುಂದಿನವರ ಕಡೆ ನೋಡಿ. ಬೇರೆಯವರು ನುಡಿಸುವಾಗ ಫೋನ್ ತೆಗೀಬೇಡಿ, ಕೇಳಿ, ಅವರ ಕೊನೆಯ ಫ್ರೇಸ್ ಹಿಡ್ಕೊಂಡು ಶುರು ಮಾಡಿದ್ರೆ ಅದಕ್ಕಿಂತ ಒಳ್ಳೆ ಶುರು ಇಲ್ಲ. ಆಮೇಲೆ ಡ್ರಮ್ಮರ್ ಜೊತೆ ನಾಲ್ಕು ನಾಲ್ಕು ಬಾರ್ ಹಂಚ್ಕೊಳ್ಳೋದು ಬರಬಹುದು, ಆಗ್ಲೂ 12ರ ಎಣಿಕೆ ಒಳಗೆ ಓಡ್ತಾನೇ ಇರ್ಲಿ. ಯಾರಾದ್ರೂ ತಮ್ಮ ತಲೆ ಮುಟ್ಟಿ ತೋರಿಸಿದ್ರೆ ಹೆಡ್‌ಗೆ ವಾಪಸ್ ಹೋಗೋಣ ಅಂತ ಅರ್ಥ. ಕೊನೆಗೆ ಹೆಡ್‌ನ ಕಡೇ ನಾಲ್ಕು ಬಾರನ್ನ ಮೂರು ಸಲ ನುಡಿಸಿ ಮುಗಿಸೋ ರೂಢಿ ಉಂಟು, ಅದಕ್ಕೆ ಕಣ್ಣು ಬೇಸ್‌ನವರ ಮೇಲೇ ಇರ್ಲಿ.

ಮನೆಗೆ ಬರೋ ದಾರಿಯಲ್ಲಿ, ಅವತ್ತು ಬೇರೆಯವರು ನುಡಿಸಿದ್ರಲ್ಲಿ ನಿಮ್ಮ ತಲೇಲಿ ಉಳಿದಿರೋ ಒಂದು ಫ್ರೇಸನ್ನ ಗುನುಗಿ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಮರೆತು ಹೋಗೋ ಮುಂಚೆ. ಬೆಳಿಗ್ಗೆ ಎದ್ದು ಅದನ್ನ ಎಫ್‌ನಲ್ಲಿ ಹುಡುಕಿ.